ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ

2013ರ ಮಾರ್ಚ್‌ನಲ್ಲಿ ಬೆಂಗಳೂರು, ಮೈಸೂರಿನ ಟಿವಿಗಳ ಕೆಳಗಡೆ ಒಂದು ಪಟ್ಟಿ ಓಡುತ್ತಿತ್ತು. 31ರೊಳಗೆ ಸೆಟ್ ಟಾಪ್ ಬಾಕ್ಸ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಟಿವಿ ಕತ್ತಲು ಎಂಬುದು ಅದರ ತಾತ್ಪರ್ಯ. ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುತ್ತಿದ್ದರೂ ಯಾರ ಕಣ್ಣೂ ಲೋಟದ ಮೇಲಿರಲಿಲ್ಲ. ಸೊಸೆ ಸತ್ತರೆ ಮರುಜನ್ಮ ಉಂಟು, ಟಿವಿ ಸತ್ತರೆ?

2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಗಿ, ಕೇಬಲ್ ಟಿವಿಯನ್ನು ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸಲೆಂದು ಸರ್ಕಾರ ದೇಶವನ್ನು ನಾಲ್ಕು ಕಂತಾಗಿ ಕತ್ತರಿಸಿಟ್ಟಿತ್ತು. ಮೊದಲು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಎರಡನೆಯದರಲ್ಲಿ ನಮ್ಮ ಎರಡೂ ಊರು ಸೇರಿ 38 ನಗರ. ಆಮೇಲೆ ಉಳಿದ ಪಟ್ಟಣಗಳು, ಕಟ್ಟಕಡೆಗೆ ಹಳ್ಳಿ. ಹಳ್ಳಿಯ ಸರದಿ ಬರಬೇಕಾಗಿದ್ದದ್ದು 2014ರ ಡಿಸೆಂಬರ್ 31ಕ್ಕೆ. ಅದು 2016ರ ಡಿಸೆಂಬರ್ 31 ಆಯಿತು, ಅಲ್ಲಿಂದ ಜಾರಿ 2017ರ ಮಾರ್ಚ್ 31ಕ್ಕೆ ಬಂದು ಕೂತಿತು. ನಮ್ಮಲ್ಲಿ ಕಡೇ ದಿನಾಂಕವೆಂದರೆ ಮುಂದಿನ ಕಡೇ ದಿನಾಂಕ ಪ್ರಕಟವಾಗುವ ದಿನ.

ಅಮೆರಿಕದವರನ್ನು ನೋಡಿ ಕಲಿಯಿರಿ ಎನ್ನುವವರು ಯಾವಾಗಲೂ ಇರುತ್ತಾರಲ್ಲ, ಅವರ ಗಮನಕ್ಕೆ: ಅಲ್ಲೂ ಅನಲಾಗ್ ಪ್ರಸಾರ ನಿಲ್ಲಿಸುವ ದಿನ 2009ರ ಫೆಬ್ರವರಿ 17 ಎಂದಿದ್ದದ್ದು ಜೂನ್ 12ಕ್ಕೆ ಹೋಯಿತು. ಅಲ್ಲಿನ ಸರ್ಕಾರ ಆಂಟೆನಾ ಟಿವಿಯವರಿಗೆ ಪೆಟ್ಟಿಗೆ ಕೊಳ್ಳಲೆಂದು, ಕೇಳಿದ ಮನೆಗೆ 40 ಡಾಲರಿನ ಎರಡು ಕೂಪನ್ ಕಳಿಸುತ್ತಿತ್ತು. ನಡುವೆ ಕೂಪನ್ನಿನ ದುಡ್ಡು ಖಾಲಿಯಾಗಿ ಜನ ಕಾಯುವಂತಾಯಿತು, ದಿನಾಂಕ ಮುಂದೆ ಹೋಗಲು ಅದೂ ಒಂದು ಕಾರಣ. ನಮ್ಮ ಸರ್ಕಾರ ಇಂಥ ಮುಜುಗರಕ್ಕೆ ಸಿಕ್ಕಿಕೊಳ್ಳಲಿಲ್ಲ. ದುಡ್ಡೇ ಇಡದಿದ್ದ ಮೇಲೆ ಖಾಲಿಯಾಗುವುದು ಎಲ್ಲಿಂದ?

ಹೀಗಾಗಿ ದೇಶದ ಟಿವಿಗಳನ್ನು ಡಿಜಿಟಲ್ ಯುಗಕ್ಕೆ ಸಜ್ಜುಗೊಳಿಸುವ ಹೊಣೆ ಕೇಬಲ್ ಹುಡುಗನ ಹೆಗಲಿಗೆ ಬಿತ್ತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಅರ್ಜಿ ಫಾರಂ, ಬಾಯಲ್ಲಿ ಸ್ಕ್ರೂಡ್ರೈವರ್. ಬೆಲೆ ಸಾವಿರದ ಆಜುಬಾಜು. ಚೌಕಾಸಿಗಿಳಿದವರಿಗೆ ಅವನಲ್ಲಿ ಒಂದೇ ಉತ್ತರ: “ಗವರ್ಮೆಂಟ್ ಆರ್ಡ್ರು ಮೇಡಂ.” ಅಲ್ಲಿಯವರೆಗೆ ಸರ್ಕಾರದ ಯಾವ ಆದೇಶಕ್ಕೂ ತಲೆ ಕೆಡಿಸಿಕೊಳ್ಳದೆ ವಿದ್ಯುತ್ ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಟೆರೇಸಿಗೆ ವೈರು ಎಳೆದಿದ್ದವನ ಬಾಯಲ್ಲಿ ಈ ಮಾತು ಕೇಳುವುದೇ ಒಂದು ಭಾಗ್ಯ.

“ಈ ಹಳೇ ಟಿವಿಗೆ ನಡೆಯುತ್ತೇನಪ್ಪಾ?” ಎನ್ನುತ್ತಾರೆ ಅಜ್ಜಿ.

“ಹಿಂದೆ ಎವಿ ತೂತು ಇದ್ರೆ ನಡೆಯತ್ತೆ ಅಜ್ಜಿ.”

ಟಿವಿಯನ್ನು ಗೋಡೆಯಿಂದ ಈಚೆ ಎಳೆದು ಹಿಂದೆ ಬಗ್ಗಿ ನೋಡಿದರೆ ವರ್ಷಗಳ ಧೂಳು, ಜೇಡರ ಬಲೆ, ಹಲ್ಲಿ ಮೊಟ್ಟೆಯ ಓಡು, ಎಂದೋ ಕಳೆದುಹೋಗಿದ್ದ ಬಾಚಣಿಗೆ. ಪೆಟ್ಟಿಗೆಯಿಂದ ಹೊರಟ ವೈರಿಗೆ ಮೂರು ತಲೆ: ಹಳದಿ, ಬಿಳಿ, ಕೆಂಪು. ಟಿವಿಗಿರುವುದು ಎರಡೇ ತೂತು, ಹಳದಿ ಮತ್ತು ಬಿಳಿ. “ಕೆಂಪು ಬೇಡ, ಬಿಟ್ಬಿಡಿ” ಎನ್ನುತ್ತಾನೆ ಹುಡುಗ. ಸ್ಟೀರಿಯೊ ಧ್ವನಿಯ ಅರ್ಧಭಾಗ ಆವತ್ತಿನಿಂದ ಗೋಡೆಯ ಕಡೆ ನೇತಾಡುತ್ತಲೇ ಇದೆ.

ಇನ್ನು ಆ ಹಳದಿ ವೈರಿನಲ್ಲಿ ಹರಿಯುವುದೇನು? ಅನಲಾಗ್! ಸ್ಟುಡಿಯೊದಿಂದ ಡಿಜಿಟಲ್ಲಾಗಿ ಹೊರಟು, ಭೂಮಿಯಿಂದ 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹವನ್ನು ಮುಟ್ಟಿ, ಗೂಢಲಿಪಿಯ ಬುರ್ಖಾ ಹೊದ್ದು, ಕೇಬಲ್ಲಿನಲ್ಲಿ ಹರಿದು ಬಂದ ಚಿತ್ರ ನಿಮ್ಮ ಟಿವಿಗೆ ಒಂದು ಮೊಳ ದೂರವಿದೆ ಎನ್ನುವಾಗ ಮತ್ತೆ ಅನಲಾಗ್ ಆಗುತ್ತದೆ. ಹಳೇ ಟಿವಿಗೆ ಬೇರೆ ಭಾಷೆ ಬರುವುದಿಲ್ಲ, ಅದನ್ನು ದೂರಿ ಫಲವಿಲ್ಲ. ಇಡೀ ದೇಶ ಬದಲಾಗಿ, ಕಡೆಯ ಒಂದು ಮೊಳ ಮಾತ್ರ ಬದಲಾಗದೆ ಉಳಿಯಿತು. ಸಾವಿರ ರೂಪಾಯಿ ಕೊಟ್ಟಿದ್ದು ಆ ಒಂದು ಮೊಳಕ್ಕೆ.

ಹಾಗಾದರೆ ಡಿಜಿಟಲ್ ಆದದ್ದು ಏನು? ಲೆಕ್ಕ. ಕೇಬಲ್‌ನವರು ಸಾವಿರ ಮನೆಗೆ ವೈರು ಎಳೆದು, ಚಾನೆಲ್ ಕಂಪನಿಗೆ ಇನ್ನೂರು ಎಂದು ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ಅನಲಾಗ್ ವೈರಿನ ತುದಿಯಲ್ಲಿ ಎಷ್ಟು ಮನೆಗಳಿವೆಯೆಂದು ಮುಂಬೈಯಲ್ಲಿ ಕೂತವರಿಗೆ ತಿಳಿಯುವ ದಾರಿ ಇರಲಿಲ್ಲ. ಚಾನೆಲ್‌ನವರಿಗೂ ಸರ್ಕಾರದ ತೆರಿಗೆಗೂ ನಾಮ. ಪೆಟ್ಟಿಗೆ ಬಂದ ಮೇಲೆ ಪ್ರತಿ ಮನೆಗೂ ಒಂದು ನಂಬರು ಬಿತ್ತು. ಇದು ತಪ್ಪೆಂದು ನಾನು ಹೇಳುವುದಿಲ್ಲ, ಕಳ್ಳಲೆಕ್ಕ ಕಳ್ಳಲೆಕ್ಕವೇ. ಆದರೆ ಇನ್ನೊಬ್ಬರ ಕಳ್ಳಲೆಕ್ಕ ಹಿಡಿಯುವ ಯಂತ್ರವನ್ನು ಜನ ತಮ್ಮ ದುಡ್ಡಿನಲ್ಲೇ ಕೊಂಡು, ತಮ್ಮದೇ ಕರೆಂಟಿನಲ್ಲಿ ಹಗಲೂ ರಾತ್ರಿ ಉರಿಸಿ, ಅದಕ್ಕೆ “ಚಿತ್ರ ಕ್ಲಿಯರ್” ಎಂಬ ಹೆಸರು ಕೊಟ್ಟು ಸಂಭ್ರಮಿಸಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಚಿತ್ರ ಕ್ಲಿಯರ್ ಆಗಲಿಲ್ಲವೇ ಎಂದರೆ ಆಯಿತು, ಬಂದಾಗ. ಅನಲಾಗ್ ಕಾಲದಲ್ಲಿ ಗ್ರೇನ್ಸ್ ಬರುತ್ತಿತ್ತು, ನಾಯಕನಿಗೆ ಎರಡು ನೆರಳು ಬೀಳುತ್ತಿತ್ತು. ಆದರೂ ಮಾತು ಕೇಳಿಸುತ್ತಿತ್ತು, ಬ್ಯಾಟ್ಸ್‌ಮನ್ ಔಟಾದದ್ದು ಗೊತ್ತಾಗುತ್ತಿತ್ತು. ತೀರಾ ಕೆಟ್ಟರೆ ಟಿವಿಯ ತಲೆಗೊಂದು ಮೊಟಕಬಹುದಿತ್ತು. ಡಿಜಿಟಲ್‌ಗೆ ಈ ಹೊಂದಾಣಿಕೆ ಇಲ್ಲ. ಸಿಗ್ನಲ್ ಸ್ವಲ್ಪ ಕುಗ್ಗಿತೋ, ನಾಯಕಿಯ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ತೆರೆದಲ್ಲೇ ನಿಂತು, ಆಮೇಲೆ ನೀಲಿ ಪರದೆ. ಆಗ ಮನೆಯ ಹಿರಿಯರು ಪೆಟ್ಟಿಗೆಯಿಂದ ಕಾರ್ಡು ಕಿತ್ತು, ಪಂಚೆಯ ತುದಿಯಲ್ಲಿ ಒರೆಸಿ, ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಾರೆ. ಇಪ್ಪತ್ತೊಂದನೇ ಶತಮಾನದ ದುರಸ್ತಿ ವಿಧಾನ ಇಷ್ಟು.

ದುಡ್ಡಿಲ್ಲದ ದಾರಿಯೂ ಇತ್ತು. ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಶ್ 2004ರಿಂದ ಇದೆ. 2016ರಲ್ಲಿ ದೂರದರ್ಶನ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ಗಾಳಿಯ ಮೇಲೆ ಪುಕ್ಕಟೆ ಡಿಜಿಟಲ್ ಪ್ರಸಾರವನ್ನೂ ತೆರೆಯಿತು. ಅದನ್ನು ಹಿಡಿಯುವ ಡಾಂಗಲ್ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಲು ಯಾವ ಕೇಬಲ್ ಹುಡುಗನೂ ಮನೆ ಬಾಗಿಲಿಗೆ ಬರಲಿಲ್ಲ. ಅವನೇಕೆ ಬಂದಾನು?

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಗ್ರಾಹಕನಿಗೆ ಪಟ್ಟ ಕಟ್ಟಿತು. ಬೇಕಾದ ಚಾನೆಲ್ ಆರಿಸಿ, ಅದಕ್ಕಷ್ಟೇ ದುಡ್ಡು ಕೊಡಿ! ಏನೂ ಆರಿಸದೆ ಪುಕ್ಕಟೆ ಚಾನೆಲ್ಲುಗಳನ್ನೇ ನೋಡುತ್ತೇನೆಂದರೆ ಆಗ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪುಕ್ಕಟೆಗೆ ಇಷ್ಟು ಖಚಿತವಾದ ಬೆಲೆ ಕಟ್ಟಿದ್ದು ಸಾಧನೆಯೇ. ಅದರ ಮೇಲೆ ಬೇಕಾದದ್ದಕ್ಕೆ ಬೇರೆ ದರ. ಪ್ಯಾಕಿಗೆ ಸೇರುವ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ದಾಟಬಾರದೆಂದು ನಿಯಮ ಬಂದ ಕೂಡಲೇ, ಜನ ನೋಡುವ ದೊಡ್ಡ ಚಾನೆಲ್ಲುಗಳು ಅನೇಕ ನೆಟ್ಟಗೆ 19ಕ್ಕೇ ಹೋಗಿ ನಿಂತವು. ಬಿಡಿಯಾಗಿ ಕೊಂಡರೆ ಹೊರೆ, ಪ್ಯಾಕ್ ಕೊಂಡರೆ ಅಗ್ಗ. ಬದನೆಕಾಯಿ ಕೇಳಿದವನ ಚೀಲಕ್ಕೆ ಹಾಗಲ, ಸೋರೆ, ಒಂದು ಕಟ್ಟು ಬಾಡಿದ ಸೊಪ್ಪು ತುಂಬಿ ‘ನೀವೇ ಆರಿಸಿದ್ದು ಸ್ವಾಮಿ’ ಎಂದ ಹಾಗೆ. ಕನ್ನಡ ಧಾರಾವಾಹಿ ಒಂದಕ್ಕಾಗಿ ಹೋದ ಮನೆಗಳಲ್ಲಿ ಈಗ ಇಂಗ್ಲಿಷ್ ಮಾರುಕಟ್ಟೆ ವಾರ್ತೆಯೂ ಬರುತ್ತದೆ. ಷೇರಿಲ್ಲದವರು ಸೂಚ್ಯಂಕ ಬಿದ್ದಾಗ ಅಯ್ಯೋ ಎನ್ನುವುದು ಕಲಿತಿದ್ದಾರೆ.

ಕೇಬಲ್‌ನವರು ಸರಿಯಿಲ್ಲವೆಂದು ಬೇರೆಯವರ ಹತ್ತಿರ ಹೋಗುತ್ತೀರಾ? ಹೋಗಿ, ಪೆಟ್ಟಿಗೆ ಮಾತ್ರ ಅಲ್ಲಿ ನಡೆಯುವುದಿಲ್ಲ. ಪ್ರತಿ ಕಂಪನಿಯ ಬೀಗ ಬೇರೆ, ಕೀಲಿ ಬೇರೆ. ಎಲ್ಲ ಕಡೆ ನಡೆಯುವ ಪೆಟ್ಟಿಗೆ ಇರಬೇಕೆಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತು. ಮನೆಗಳ ಅಟ್ಟದ ಮೇಲೆ ಮಾತ್ರ ಹಳೇ ಪೆಟ್ಟಿಗೆಗಳು ಒಂದರ ಮೇಲೊಂದು ಏರುತ್ತಲೇ ಇವೆ. ಗುಜರಿಯವನು ಕೂಡ ಕೈಯಲ್ಲಿ ತೂಗಿ ನೋಡಿ “ಇದ್ರಲ್ಲಿ ಏನೂ ಇಲ್ಲ ಸಾರ್” ಎಂದು ಕೆಳಗಿಡುತ್ತಾನೆ.

ಎಚ್‌ಡಿ ಪೆಟ್ಟಿಗೆ ಹಾಕಿಸಿಕೊಳ್ಳಿ ಎಂದು ಬಂದ ಹುಡುಗನನ್ನು ನಮ್ಮ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿಕೊಂಡರು.

“ಹಳೇದನ್ನ ವಾಪಸ್ ತಗೊಂಡು ಎಷ್ಟು ಬಿಡ್ತೀಯಪ್ಪಾ?”

“ಬಿಡಕ್ಕಾಗಲ್ಲ ಸಾರ್, ಬಾಕ್ಸು ಕಂಪನೀದು.”

“ಹಂಗಾದ್ರೆ ಆವತ್ತು ಕೊಟ್ಟ ದುಡ್ಡು?”

“ಅದೂ ಕಂಪನೀದೇ ಸಾರ್.”