ಒಬ್ಬನೇ ಕಲಾವಿದ, ತುಂಬಿದ ವಾದ್ಯಗೋಷ್ಠಿ

ಆರತಕ್ಷತೆಯ ವೇದಿಕೆಯಲ್ಲಿ ಕೂತವನು ಒಬ್ಬನೇ. ಕೇಳುವುದು ಮಾತ್ರ ಡ್ರಮ್ಸ್, ಬೇಸ್, ಗಿಟಾರ್, ಪಿಟೀಲು ಎಲ್ಲವೂ. ಊಟಕ್ಕೆ ಎಲೆ ಒಂದೇ ಸಾಕು. ಹಾಗಾಗಿ ಈ ವಾದ್ಯಗಳನ್ನೆಲ್ಲ ತಾನೇ ನುಡಿಸುವ ಅರೇಂಜರ್ ಕೀಬೋರ್ಡಿನ ಮೊದಲ ಲಾಭ ಹೆಣ್ಣಿನ ತಂದೆಗೆ.

ಎಡಗೈ ಕಾರ್ಡ್ ಹಿಡಿದರೆ ಕೀಬೋರ್ಡಿನೊಳಗಿನ ಪಕ್ಕವಾದ್ಯದವರೆಲ್ಲ ಅದೇ ಕಾರ್ಡಿಗೆ ಹೊರಳುತ್ತಾರೆ. ತಪ್ಪು ಕಾರ್ಡ್ ಹಿಡಿದರೂ ಅಷ್ಟೇ ವಿಧೇಯತೆಯಿಂದ ಹೊರಳುತ್ತಾರೆ! ನಿಜವಾದ ಬೇಸ್ ವಾದಕನಾದರೆ ಕಣ್ಣಾದರೂ ಬಿಡುತ್ತಿದ್ದ.

2019ರಲ್ಲಿ ಬಂದ ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900 ನೋಡಿ. 61 ಕೀ, 525 ಸ್ಟೈಲ್ (ಸಿದ್ಧ ಪಕ್ಕವಾದ್ಯದ ಮಾದರಿ), ಮೈಕ್ ಚುಚ್ಚಿದರೆ ಹಾಡುಗಾರನ ದನಿಗೆ ತಾನೇ ಕೋರಸ್ ಸೇರಿಸುವ ಸೌಲಭ್ಯ. ತೂಕ 11.5 ಕಿಲೋ. ಅಂಗಡಿಯಲ್ಲಿ ಇದು ಹಗುರ; ಲಿಫ್ಟ್ ಇಲ್ಲದ ಕಲ್ಯಾಣ ಮಂಟಪದ ಎರಡನೇ ಮಹಡಿಯಲ್ಲಿ ಅಕ್ಕಿಮೂಟೆ.

ಕೊಳ್ಳುವವರು 525ನ್ನೂ ಕೇಳಿ ಮುಗಿಸಲು ಹೋಗುತ್ತಾರೆ. ಅದು ಬೇಡ; ಬದಲಿಗೆ ಇವನ್ನು ನೋಡಿ. ಹಾಡಿನ ನಡುವೆ ಕಣ್ಣು ಹಾಯಿಸದೆ ಫಿಲ್, ಎಂಡಿಂಗ್ ಗುಂಡಿಗಳು ಬೆರಳಿಗೆ ಸಿಗುತ್ತವೆಯೇ? ಗಾಯಕಿ ಕಡೇ ಗಳಿಗೆಯಲ್ಲಿ ‘ಅರ್ಧ ಮನೆ ಇಳಿಸಿ’ ಎಂದರೆ ಟ್ರಾನ್ಸ್‌ಪೋಸ್ ಗುಂಡಿ ಎಲ್ಲಿದೆ? ಏಳು ಮಾತ್ರೆಯ ಸ್ಟೈಲ್ ಇದೆಯೇ? ಮಿಶ್ರಛಾಪು ಹಾಡಿಗೆ ನಾಲ್ಕರ ಪಾಶ್ಚಾತ್ಯ ಸ್ಟೈಲ್ ಹಾಕಿದರೆ ಎರಡನೇ ಆವರ್ತಕ್ಕೇ ವಿಚ್ಛೇದನ.

ಅಂಗಡಿಗೆ ಹೋಗುವಾಗ ಸ್ವಂತ ಮೈಕು, ದಿನಾ ಹಾಡುವ ಮೂರು ಹಾಡು ಜೊತೆಗಿರಲಿ. ನಿಂತೇ ನುಡಿಸಿ ನೋಡಿ.