ಯಾರ ಗುಂಪಿಗೆ ಯಾರು?

ಆದಾಯ ತೆರಿಗೆಯ ಕಾಲ ಬಂತೆಂದರೆ ಬ್ಯಾಂಕಿನ ಪಿಡಿಎಫ್ ಸ್ಟೇಟ್‌ಮೆಂಟನ್ನು ಎಕ್ಸೆಲ್‌ಗೆ ಎಳೆದು ತರುವ ಶಾಸ್ತ್ರ ಶುರು. ತಂದ ಮೇಲೆ ನೋಡಬೇಕು ಅದರ ಚಂದ! ತರಕಾರಿಯವನಿಗೆ ಕೊಟ್ಟ 40 ರೂಪಾಯಿ ಮೂರು ಸಾಲು ಹಿಡಿದು ಕೂತಿರುತ್ತದೆ. ಮೊದಲ ಸಾಲಿನಲ್ಲಿ ತಾರೀಖು, ಮೊತ್ತ, ಯುಪಿಐ. ಎರಡನೆಯದರಲ್ಲಿ 12 ಅಂಕಿಯ ನಂಬರಿನ ಬಾಲ. ಮೂರನೆಯದರಲ್ಲಿ ತರಕಾರಿಯವನ ಅರ್ಧ ಹೆಸರು. ಕೆಳಗಿನ ಎರಡಕ್ಕೂ ತಾರೀಖಿಲ್ಲ, ದುಡ್ಡಂತೂ ಇಲ್ಲವೇ ಇಲ್ಲ.

ಅದಕ್ಕೇ ಪವರ್ ಕ್ವೆರಿ ಇದೆಯಲ್ಲ ಅಂತೀರಿ. ಇದೆ. 2016ರ ಎಕ್ಸೆಲ್‌ನಿಂದ ಅದು ಡೇಟಾ ಟ್ಯಾಬಿನಲ್ಲೇ ಬಿಡಾರ ಹೂಡಿದೆ. ಅದರಲ್ಲಿ 'ಗ್ರೂಪ್ ಬೈ' ಅಂತೊಂದು ಗುಂಡಿ. ಒತ್ತಿ ತಾರೀಖಿನ ಕಾಲಂ ತೋರಿಸಿದಿರೋ, ಮಹಾಶಯ ಒಂದೇ ದಿನದ ಹಾಲು, ಪೆಟ್ರೋಲು, ಕರೆಂಟ್ ಬಿಲ್ಲು ಎಲ್ಲವನ್ನೂ ಒಟ್ಟು ಮಾಡುತ್ತಾನೆ. ತಾರೀಖಿಲ್ಲದ ಸಾಲುಗಳನ್ನು ವರ್ಷದ ಮೂಲೆಮೂಲೆಯಿಂದ ಹುಡುಕಿ ತಂದು 'ನಲ್', ಅಂದರೆ ಖಾಲಿ, ಎಂಬ ಒಂದೇ ದೊಡ್ಡಿಗೆ ತಳ್ಳುತ್ತಾನೆ. "ಮೊದಲು ತಾರೀಖನ್ನು ಫಿಲ್ ಡೌನ್ ಮಾಡಿ ಕೆಳಗಿನ ಖಾಲಿ ಸಾಲುಗಳಿಗೂ ಇಳಿಸಬೇಕಿತ್ತು ಸ್ವಾಮೀ" ಎನ್ನುವ ಪಂಡಿತರೂ ಇದ್ದಾರೆ. ಮಾಡೋಣ. ಆಮೇಲೆ ಒಂದೇ ದಿನ ಬೆಳಿಗ್ಗೆ ಸೊಪ್ಪು, ಸಂಜೆ ಬದನೆಕಾಯಿ ಕೊಂಡವನ ಗತಿ?

ಮದುವೆ ಮನೆಯ ಫೋಟೋಗ್ರಾಫರನನ್ನು ನೆನೆಸಿಕೊಳ್ಳಿ. "ಹುಡುಗಿ ಕಡೆಯವರು ಬನ್ನಿ" ಎಂದರೆ ಊಟದ ಹಾಲಿನಿಂದ, ಪಾರ್ಕಿಂಗಿನಿಂದ ಎಲ್ಲರೂ ಓಡಿ ಬರುತ್ತಾರೆ. ಇದು ಗ್ಲೋಬಲ್ ಗುಂಪು. ಗುಂಡಿಗೆ ಗೊತ್ತಿರುವುದು ಇದೊಂದೇ. "ಅಕ್ಕಪಕ್ಕ ನಿಂತವರು ಹಾಗೇ ನಿಲ್ಲಿ" ಎಂದರೆ ಲೋಕಲ್. ನಮಗೆ ಬೇಕಾದದ್ದು ಎರಡನೆಯದು, ಅದಕ್ಕೆ ಗುಂಡಿ ಇಲ್ಲ! ಫಾರ್ಮುಲಾ ಬಾರಿಗೆ ಹೋಗಿ, ಗುಂಡಿ ಬರೆದಿಟ್ಟ ಟೇಬಲ್.ಗ್ರೂಪ್ ಸೂತ್ರಕ್ಕೆ ನಾಲ್ಕನೆಯ ಮಾತಾಗಿ ಗ್ರೂಪ್‌ಕೈಂಡ್.ಲೋಕಲ್ ಅಂತ ಬರೆಯಬೇಕು. ಐದನೆಯ ಮಾತಾಗಿ ಒಂದು ಷರತ್ತು: ಹೊಸ ಸಾಲಿನ ತಾರೀಖು ನಲ್ ಆಗಿದ್ದರೆ 0, ಇದ್ದರೆ 1.

ಇಲ್ಲಿ 0 ಅಂದರೆ "ಇವನು ನಮ್ಮವನೇ, ಒಳಗೆ ಬಿಡಿ". ಬೇರೆ ಯಾವ ಅಂಕಿ ಬಂದರೂ "ಹೊಸ ಗುಂಪು ಶುರು". ಸೊನ್ನೆ ಸುತ್ತಿ ಬಂದ ಮಕ್ಕಳಿಗೆ ಇಷ್ಟು ಮರ್ಯಾದೆ ಕೊಡುವ ಜಾಗ ಇನ್ನೊಂದಿಲ್ಲ.

ಗುಂಡಿ ಒತ್ತಿ ಹುಟ್ಟಿದ ಸೂತ್ರದಲ್ಲಿ ಕಾಲಂ ಹೆಸರು ಹೂ ಬ್ರಾಕೆಟ್ಟಿನೊಳಗೆ ಇರುತ್ತದೆ. ಹಾಗೇ ಬಿಟ್ಟರೆ ಷರತ್ತಿನ ಕೈಗೆ ತಾರೀಖಿನ ಬದಲು ಇಡೀ ರೆಕಾರ್ಡು ಬರುತ್ತದೆ. ರೆಕಾರ್ಡು ಯಾವತ್ತೂ ನಲ್ ಅಲ್ಲ, ಹಾಗಾಗಿ ಸಾಲಿಗೊಂದು ಗುಂಪು ಎದ್ದು ನಿಲ್ಲುತ್ತದೆ. ಬ್ರಾಕೆಟ್ ತೆಗೆಯಿರಿ, ಇಲ್ಲವೇ ಒಳಗಿನ ತಾರೀಖನ್ನು ಹೆಸರು ಹಿಡಿದು ಕೇಳಿ. ಇನ್ನೊಂದು ಕೊಂಕು: ಹೊಸದಾಗಿ ಬಂದ ಸಾಲನ್ನು ಟೇಬಲ್.ಗ್ರೂಪ್ ಹೋಲಿಸುವುದು ಹಿಂದಿನ ಸಾಲಿಗಲ್ಲ, ಗುಂಪಿನ ಮೊದಲ ಸಾಲಿಗೆ. "ಹಿಂದಿನ ಖರ್ಚಾಗಿ ಎರಡು ದಿನದೊಳಗೆ ಬಂದದ್ದು ಒಟ್ಟಿಗಿರಲಿ" ಅಂತ ನೀವು ಅಂದುಕೊಂಡರೆ ಅದು ಎರಡು ದಿನವನ್ನು ಯಜಮಾನನಿಂದಲೇ, ಅಂದರೆ ಆ ಮೊದಲ ಸಾಲಿನಿಂದಲೇ, ಎಣಿಸುತ್ತದೆ. ನಮ್ಮ ಷರತ್ತು ನೋಡುವುದು ಹೊಸ ಸಾಲನ್ನು ಮಾತ್ರ, ಹಾಗಾಗಿ ನಮ್ಮ ಸ್ಟೇಟ್‌ಮೆಂಟಿಗೆ ಇದರಿಂದ ತೊಂದರೆಯಿಲ್ಲ.

ಗುಂಪಾದ ಮೇಲೆ ವಿವರದ ತುಂಡುಗಳನ್ನು ಟೆಕ್ಸ್ಟ್.ಕಂಬೈನ್ ಹೊಲಿಯುತ್ತದೆ, ಮೊತ್ತವನ್ನು ಲಿಸ್ಟ್.ಸಮ್ ಕೂಡುತ್ತದೆ, ನಲ್ ಕಂಡರೆ ಇಬ್ಬರೂ ತಕರಾರಿಲ್ಲದೆ ದಾಟಿಕೊಂಡು ಹೋಗುತ್ತಾರೆ. ತರಕಾರಿಯವನಿಗೆ ಪೂರ್ತಿ ಹೆಸರು ಸಿಗುತ್ತದೆ.

ಊರಿನ ಹೆಸರಿನ ಮೇಲೆ ಗುಂಪು ಮಾಡುವಾಗ ಇದೇ ಐದನೆಯ ಜಾಗದಲ್ಲಿ ಕಂಪೇರರ್.ಆರ್ಡಿನಲ್‌ಇಗ್ನೋರ್‌ಕೇಸ್ ಕೂರಿಸಿದರೆ, ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಮೈಸೂರು, ಚಿಕ್ಕಕ್ಷರದ ಮೈಸೂರು ಒಂದೇ ಊರಾಗುತ್ತವೆ. ಹಾಗಂತ 2014ರ ನವೆಂಬರ್ 1ರಂದು 'ಮೈಸೂರ್' ಸ್ಪೆಲ್ಲಿಂಗ್ 'ಮೈಸೂರು' ಆದದ್ದು ಅದಕ್ಕೆ ತಿಳಿಯದು. ಆ ಸರ್ಕಾರಿ ಆದೇಶವನ್ನು ನೀವೇ ಜಾರಿ ಮಾಡಬೇಕು.

ಕಡೆಗೊಂದು ಬೇಡಿಕೆ. ಲೋಕಲ್ ಗುಂಪಿಗೆ ಸಾಲುಗಳ ಕ್ರಮವೇ ಜೀವ. ಆದ್ದರಿಂದ ಗುಂಪು ಮಾಡಿ ಮುಗಿಯುವ ತನಕ ದಯವಿಟ್ಟು ಸಾರ್ಟ್ ಗುಂಡಿಯ ಹತ್ತಿರ ಯಾರನ್ನೂ, ಮುಖ್ಯವಾಗಿ ನಿಮ್ಮ ಮ್ಯಾನೇಜರನ್ನು, ಬಿಡಬೇಡಿ.