ಭಾರ ಅಳೆಯುವವರ ನಾಯಕವರ್ಗ

ತಂತ್ರಾಂಶವೊಂದರ ಮೇಲೆ ಸಾವಿರಾರು ಮಂದಿ ಒಮ್ಮೆಗೇ ಮುಗಿಬಿದ್ದರೆ ಅದು ಎಷ್ಟು ಹೊತ್ತಿನಲ್ಲಿ ಉತ್ತರಿಸುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಕೃತಕ ಬಳಕೆದಾರರನ್ನು ಛೂಬಿಟ್ಟು ಮೊದಲೇ ಅಳೆದುಕೊಡುವ ಕೆಲಸಕ್ಕೆ ಪರ್ಫಾರ್ಮೆನ್ಸ್ ಟೆಸ್ಟಿಂಗ್ ಎಂದು ಹೆಸರು. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಇದನ್ನೇ ಕಸುಬಾಗಿಸಿಕೊಂಡ ಕಂಪನಿಗಳಿದ್ದು, ಕೈಕಟ್ಟಿ ನಿಂತು ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುವ ಭಾವಚಿತ್ರಗಳಿಂದ ಅವುಗಳ ನಾಯಕವರ್ಗವನ್ನು ಸುಲಭವಾಗಿ ಗುರುತಿಸಬಹುದು.

ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ನಾಲಿಗೆಯ ತುದಿಯಲ್ಲಿ 2013ರ ಅಕ್ಟೋಬರ್ 1 ಸದಾ ಸಿದ್ಧವಾಗಿರುತ್ತದೆ: ಅಮೆರಿಕ ಸರ್ಕಾರದ ಆರೋಗ್ಯವಿಮಾ ಜಾಲತಾಣ ಅಂದು ತೆರೆದ ಕೂಡಲೇ ತತ್ತರಿಸಿ, ದಿನದ ಕೊನೆಗೆ ನೋಂದಣಿ ಮುಗಿಸಿದವರು 6 ಮಂದಿ ಮಾತ್ರ ಎಂಬ ಕಥೆಯಿಂದ ಗ್ರಾಹಕನಲ್ಲಿ ಭಯ ಹುಟ್ಟಿಸುವುದು ಅವರ ಹೊಣೆಯಾದರೆ, ಆ ಭಯಕ್ಕೆ ಬೆಲೆ ಕಟ್ಟುವುದು ಮಾರಾಟದ ಮುಖ್ಯಸ್ಥರ ಹೊಣೆ. ಪರೀಕ್ಷೆಯ ಉಪಕರಣವಾದ ಜೆಮೀಟರ್ ಬಿಟ್ಟಿಯಾಗಿಯೇ ಸಿಗುವಾಗ ಹಣ ಯಾತಕ್ಕೆಂದು ಗ್ರಾಹಕ ಕೇಳಿದರೆ, ಇವರು ನಸುನಕ್ಕು ಮುಂದಿನ ಸ್ಲೈಡಿಗೆ ಹೋಗುತ್ತಾರೆ.

ಅಧ್ಯಯನಕ್ಕೆ ಹೆಚ್ಚು ಯೋಗ್ಯರು ತಂತ್ರಜ್ಞಾನದ ಮುಖ್ಯಸ್ಥರು. ಸರಾಸರಿಯನ್ನು ಎಂದೂ ನಂಬಬಾರದು, 100 ಕೋರಿಕೆಗಳಲ್ಲಿ 95ಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ಸಿಕ್ಕಿತೆಂದು ತಿಳಿಸುವ 'ಪಿ-95' ಎಂಬ ಅಳತೆಯನ್ನೇ ನೋಡಬೇಕು, ಏಕೆಂದರೆ ಬಹುಮಂದಿಯ ಸುಖದಲ್ಲಿ ಕೆಲವರ ಯಾತನೆ ಮುಚ್ಚಿಹೋಗುತ್ತದೆ ಎಂದು ಗ್ರಾಹಕರಿಗೆ ಗದ್ಗದಿತರಾಗಿ ವಿವರಿಸುವ ಇವರು, ಏಪ್ರಿಲ್‌ನಲ್ಲಿ ಸಂಬಳದ ಏರಿಕೆ ಪ್ರಕಟಿಸುವಾಗ ನೌಕರರ ಮುಂದಿಡುವುದು ಸರಾಸರಿಯನ್ನೇ. ಅದನ್ನು ಮೇಲೆತ್ತಿದ್ದು ಯಾರ ಏರಿಕೆ ಎಂಬುದು ಆ ಸಭೆಯಲ್ಲಿ ಚರ್ಚೆಗೆ ಬರುವುದಿಲ್ಲ. ಪುರಾಣದ ಬದನೆಕಾಯಿ ಕಂಪನಿಯ ಕ್ಯಾಂಟೀನಿನಲ್ಲೂ ಬೇಯುತ್ತದೆ.

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದು ಈ ಕಸುಬಿನ ಮೂಲಪಾಠ: ಬರುವ ವೇಗವನ್ನು ತಂಗುವ ಅವಧಿಯಿಂದ ಗುಣಿಸಿದರೆ ಒಳಗಿರುವವರ ಸಂಖ್ಯೆ ದೊರೆಯುತ್ತದೆ, ಅಂದರೆ ವಾರಕ್ಕೆ 4 ಕೋರಿಕೆ ಬಂದು ಒಂದೊಂದೂ 6 ವಾರ ಕೂತರೆ ಸರಾಸರಿ 24 ಕೋರಿಕೆಗಳು ಬಾಕಿಯಿರುತ್ತವೆ. ಹೊಸಬರಿಗೆ ಇದನ್ನು ಬಾಯಿಪಾಠ ಮಾಡಿಸುವ ನಾಯಕವರ್ಗ, ಒಂದು ಸರ್ವರ್ ಕೊಳ್ಳುವ ಕೋರಿಕೆ ತನ್ನದೇ 3 ಸಹಿಗಳಿಗಾಗಿ ತಿಂಗಳುಗಟ್ಟಲೆ ಒಣಗುವುದನ್ನು 'ಪ್ರಾಸೆಸ್' ಎಂದು ಗೌರವಿಸುತ್ತದೆ. ಅಡಚಣೆ ಇರುವುದು ಈ ಸಹಿಗಳಲ್ಲೇ ಎಂದು ಯಾವನೋ ಕಿರಿಯ ಇಂಜಿನಿಯರ್ ಗ್ರಾಫ್ ಸಮೇತ ತೋರಿಸಿಕೊಟ್ಟರೆ ಮಂಡಳಿ ಸಿಟ್ಟಾಗುವುದಿಲ್ಲ; ಒಂದು ಸರ್ವರ್ ಬಳಲಿದಾಗ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಬೇಕೆಂಬ ತನ್ನ ಶಾಸ್ತ್ರಕ್ಕೆ ನಿಷ್ಠವಾಗಿ ಹೊಸ ಉಪಾಧ್ಯಕ್ಷರೊಬ್ಬರನ್ನು ನೇಮಿಸಿಕೊಳ್ಳುತ್ತದೆ, ಮತ್ತು ಅಂದಿನಿಂದ ಕೋರಿಕೆಗೆ 4 ಸಹಿಗಳು ಬೇಕಾಗುತ್ತವೆ.